ನಲವತ್ತು ಮಿಲಿವೋಲ್ಟ್

ಈ ಕಥೆಯನ್ನು ಮೊದಲು ಹೇಳಿದವರು ಹೊಳೆಯಲ್ಲಿ ದೋಣಿ ನಡೆಸುವ ಅಂಬಿಗರ ದ್ಯಾವಪ್ಪನವರು.

ಹೊಳೆದಂಡೆಯ ಆಶ್ರಮದಲ್ಲಿ ಸಿದ್ಧಮಲ್ಲ ಗುರುಗಳಿದ್ದರು. ಬೆಳಗಿನ ಪೂಜೆ ಮುಗಿಯಿತೆಂದರೆ ಅವರ ಕೈಗೆ ತಂತಿ, ಇಕ್ಕಳ ಬರುತ್ತಿದ್ದವು. ಯಾರಿಗೂ ಬಗ್ಗದ ಯಂತ್ರವೂ ಅವರೆದುರು ತನ್ನ ನೋವು ಹೇಳಿಕೊಳ್ಳುತ್ತದೆ ಎಂದು ಸುತ್ತಲಿನವರು ಕೈಮುಗಿಯುತ್ತಿದ್ದರು.

ಶಿಷ್ಯ ಚನ್ನಬಸವ ಸ್ನಾನಘಟ್ಟಕ್ಕೆ ಒಂದು ಪೆಟ್ಟಿಗೆ ಕಟ್ಟಿದ. ನೀರೊಳಗಿನ ಸೆನ್ಸರ್ ಹೊಳೆಯ ಮಟ್ಟವನ್ನು ವೋಲ್ಟೇಜಿನಲ್ಲಿ ತಿಳಿಸುತ್ತದೆ. ನೀರು ಕೆಳಗಿನಿಂದ ಎಷ್ಟನೆಯ ಮೆಟ್ಟಿಲಲ್ಲಿದೆ ಎಂದು ಪೆಟ್ಟಿಗೆ ತೋರಿಸುತ್ತದೆ. ಏಳು ಮುಟ್ಟಿದರೆ ಗಂಟೆ ಬಾರಿಸುತ್ತದೆ. ಸ್ನಾನಕ್ಕಿಳಿದವರ ಜೀವ ಆ ಗಂಟೆಯ ಮೇಲಿತ್ತು.

ಒಂದು ದಿನ ಅವನು ಓಡಿಬಂದ.

"ಅಪ್ಪಾರೇ, ಸರಿಹೋಯಿತು! ಸೆನ್ಸರ್ ನಲವತ್ತು ಮಿಲಿವೋಲ್ಟ್, ಅಂದರೆ ಒಂದು ಮೆಟ್ಟಿಲಿನಷ್ಟು, ಹೆಚ್ಚು ಹೇಳುತ್ತಿತ್ತು. ಅಷ್ಟನ್ನು ಪ್ರೋಗ್ರಾಮಿನಲ್ಲಿ ಕಳೆದುಬಿಟ್ಟೆ."

"ಯಾವಾಗ ಅಳೆದೆ?"

"ಮೂರು ದಿನ, ನಡುಮಧ್ಯಾಹ್ನ. ಘಟ್ಟದಲ್ಲಿ ಜನ ಇಲ್ಲದಾಗ."

"ಬಿಸಿಲಿತ್ತೋ?"

"ತಲೆ ಸುಡುವಷ್ಟು."

"ನಿನ್ನ ತಲೆಯೊಂದೇ ಸುಟ್ಟಿದ್ದರೆ ಚಿಂತೆಯಿರಲಿಲ್ಲ ಬಿಡು," ಎಂದು ಗುರುಗಳು ನಕ್ಕು ಎದ್ದರು.

ಘಟ್ಟದ ಪಕ್ಕದಲ್ಲಿ ತೋಟಕ್ಕೆ ನೀರೆತ್ತುವ ಮೋಟಾರು ತಿರುಗುತ್ತಿತ್ತು. ಬಿಸಿಲಿನ ಕರೆಂಟಿನಿಂದ ನಡೆಯುವ ಮೋಟಾರು ಅದು. ಗುರುಗಳು ಅದನ್ನು ನಿಲ್ಲಿಸಿದರು.

ನಾಲ್ಕು ತೋರಿಸುತ್ತಿದ್ದ ಪೆಟ್ಟಿಗೆ ಮೂರು ತೋರಿಸಿತು.

ಚನ್ನಬಸವ ಬಗ್ಗಿ ನೋಡಿದ. ನೀರು ನಾಲ್ಕನೆಯ ಮೆಟ್ಟಿಲಲ್ಲೇ ಇತ್ತು.

"ಹೊಳೆ ಇಳಿದೇ ಇಲ್ಲವಲ್ಲ, ಅಪ್ಪಾರೇ!"

"ಹೊಳೆ ಏರಿ ಬರುವುದು ಎಂಥ ದಿನ, ತಮ್ಮಾ?"

"ಮೋಡ ಕವಿದ ದಿನ."

"ಆವತ್ತು ಈ ಮೋಟಾರು?"

"ತಿರುಗುವುದಿಲ್ಲ..."

ಹೇಳುತ್ತಲೇ ಅವನಿಗೆ ಹೊಳೆಯಿತು. ನೀರು ಏಳಕ್ಕೆ ಬಂದಿರುತ್ತದೆ, ಪೆಟ್ಟಿಗೆ ಆರು ಎನ್ನುತ್ತದೆ, ಗಂಟೆ ಸುಮ್ಮನಿರುತ್ತದೆ. ಕೆಳಗೆ ಮುದುಕಿಯೊಬ್ಬಳು ಮೊಮ್ಮಗಳ ತಲೆಗೆ ನೀರು ಹೊಯ್ಯುತ್ತಿದ್ದಳು. ಅವನಿಗೆ ಅತ್ತ ನೋಡಲಾಗಲಿಲ್ಲ.

ಗುರುಗಳು ಪೆಟ್ಟಿಗೆ ಬಿಚ್ಚಿ ಬೆರಳಿಟ್ಟು ತೋರಿಸಿದರು. ಮೋಟಾರಿನ ಕರೆಂಟು, ಸೆನ್ಸರಿನ ಕರೆಂಟು, ಎರಡೂ ಮರಳುತ್ತಿದ್ದುದು ಒಂದೇ ಸಣ್ಣ ತಂತಿಯಲ್ಲಿ. ಮೋಟಾರು ತಿರುಗಿದಾಗ ಆ ತಂತಿಯಲ್ಲಿ ನೂಕುನುಗ್ಗಲು. ಸೆನ್ಸರಿನ ಮಾತು ನಲವತ್ತು ಮಿಲಿವೋಲ್ಟ್ ಮೇಲೇಳುತ್ತಿತ್ತು.

ಮೂರು ದಿನ ತಾನು ಕಾಣದ್ದನ್ನು ಇವರು ಒಂದು ಸ್ವಿಚ್ಚಿನಲ್ಲಿ ಕಂಡರಲ್ಲ ಎಂದು ಅವನು ಅವರ ಮುಖವನ್ನೇ ನೋಡಿದ.

"ಹಾಗಾದರೆ ಮೋಟಾರು ತಿರುಗುವಾಗ ಮಾತ್ರ ಕಳೆಯಲೇ, ಅಪ್ಪಾರೇ?"

ಗುರುಗಳು ಒಂದು ಸುರುಳಿ ತಂತಿಯನ್ನು ಅವನ ಅಂಗೈಯಲ್ಲಿಟ್ಟರು.

"ಮೊದಲು ಸೆನ್ಸರಿಗೆ ಬೇರೆ ದಾರಿ ಮಾಡಿಕೊಡು. ಆಮೇಲೂ ಉಳಿಯುವ ತಪ್ಪು ಮಾತ್ರ ಅದರದ್ದು. ಅಷ್ಟನ್ನೇ ಕಳೆ."

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿರಿ.