ಮೂರು ಸಲ ತುಳಿಯುವ ಬ್ರೇಕು

"ಬುದ್ಧಿ, ಮನೆಯವರೆಲ್ಲ ನನ್ನ ಸಿಟ್ಟಿಗೆ ಹೊಂದಿಕೊಂಡುಬಿಟ್ಟಿದ್ದಾರೆ. ಇಷ್ಟು ವರ್ಷ ಆದ ಮೇಲೆ ಇನ್ನು ಅದನ್ನು ಬಿಡಲೇಬೇಕಾ?"

ಮಠದ ಜಗಲಿಯ ಮೇಲೆ ಕೂತು ಹೀಗೆ ಕೇಳಿದವನು ಕರಿಬಸಪ್ಪನೆಂಬ ಶಿಷ್ಯ. ಅಕ್ಕಿ ಗಿರಣಿಯ ಯಜಮಾನ. ಒಳ್ಳೆಯ ಮನುಷ್ಯ, ಕೇಳಿದವರಿಗೆ ಇಲ್ಲವೆಂದವನಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಹೇಗೆ ಹೊಂದಿಕೊಂಡಿದ್ದಾರೆ?" ಎಂದು ಗುರುಗಳು ಕೇಳಿದರು.

"ನಾನು ಗಿರಣಿಯಿಂದ ಬಂದ ತಕ್ಷಣ ಯಾರೂ ಮಾತಾಡ್ಸಲ್ಲ ಬುದ್ಧಿ. ಒಂದು ಸಲ ಮುಖ ನೋಡ್ತಾರೆ, ಕಾಫಿ ಇಟ್ಟು ಒಳಕ್ಕೆ ಹೋಗ್ತಾರೆ. ನಾನು ತಣ್ಣಗಾದ ಮೇಲೆ ಒಬ್ಬೊಬ್ಬರೇ ಈಚೆಗೆ ಬರ್ತಾರೆ. ಈಗ ನಮ್ಮ ಮನೇಲಿ ಜಗಳ ಅನ್ನೋದೇ ಇಲ್ಲ."

ಕೊನೆಯ ಮಾತನ್ನು ಅವನು ಕೊಂಚ ಹೆಮ್ಮೆಯಿಂದಲೇ ಹೇಳಿದ. ಗುರುಗಳು ಅವನನ್ನು ಹತ್ತಿರಕ್ಕೆ ಕರೆದರು.

"ಒಂದು ಕಾರಿನ ಕತೆ ಹೇಳುತ್ತೇನೆ, ಕೇಳು. ಸನ್ಯಾಸಿಗೆ ಕಾರಿನ ವಿಷಯ ಏನು ಗೊತ್ತು ಅನ್ನಬೇಡ. ಮಠದ ಜೀಪು ತಳ್ಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅದು ಕಲಿಸಿದಷ್ಟು ತಾಳ್ಮೆಯನ್ನು ಯಾವ ಗ್ರಂಥವೂ ನನಗೆ ಕಲಿಸಲಿಲ್ಲ."

ಹೀಗೆಂದು ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಬಳಿ ಒಂದು ಹಳೆಯ ಕಾರಿತ್ತು. ಹಿಂದಿನ ಸೀಟು ಕಿತ್ತುಹಾಕಿ, ಅಲ್ಲಿ ಕೊಳಗ, ತಪ್ಪಲೆ, ಇಡ್ಲಿ ಪಾತ್ರೆಗಳನ್ನು ಪೇರಿಸಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಕಾರಿಗಿಂತ ಮೊದಲೇ ಅದರ ಸದ್ದು ಊರು ಸೇರುತ್ತಿತ್ತು. ಹಾರನ್ ಬಾರಿಸುವ ಅಗತ್ಯ ಅವನಿಗೆ ಬೀಳುತ್ತಿರಲಿಲ್ಲ.

ಒಮ್ಮೆ ಆ ಕಾರಿನ ಬ್ರೇಕು ಮೆತ್ತಗಾಯಿತು. ತುಳಿದರೆ ಪೆಡಲ್ ಗಟ್ಟಿಯಾಗಿ ನಿಲ್ಲದೆ ತಳಕ್ಕೆ ಇಳಿಯುತ್ತಿತ್ತು. ವ್ಯಾಪಾರಿ ಕಾರನ್ನು ಗ್ಯಾರೇಜಿಗೆ ಒಯ್ದ. ಮೆಕ್ಯಾನಿಕ್ ಕೆಳಗೆ ಮಲಗಿ ನೋಡಿದ.

ಪೆಡಲ್ ತುಳಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು ಎಣ್ಣೆ. ಆ ಎಣ್ಣೆ ಹರಿಯುವುದು ಕಾರಿನ ಹೊಟ್ಟೆಯ ಕೆಳಗೆ ಹಾಯ್ದುಹೋಗುವ, ಕಿರುಬೆರಳಿಗಿಂತ ಸಣ್ಣ ಕಬ್ಬಿಣದ ಪೈಪಿನಲ್ಲಿ. ಈ ಕಾರಿನ ಪೈಪು ಉದ್ದಕ್ಕೂ ತುಕ್ಕು ಹಿಡಿದಿತ್ತು. ಪೈಪನ್ನು ಹಿಡಿದಿದ್ದ ಕ್ಲಿಪ್ಪುಗಳ ಸಂದಿಯಲ್ಲಿ ಕೆಸರು ಕೂತು, ಅಲ್ಲೆಲ್ಲ ಎಣ್ಣೆ ಜಿನುಗುತ್ತಿತ್ತು. ಚಕ್ರದ ಬಳಿಯ ರಬ್ಬರ್ ಕೊಳವೆಗಳು ಬಿರುಕು ಬಿಟ್ಟಿದ್ದವು.

"ಪೈಪು, ರಬ್ಬರು ಎಲ್ಲಾ ಒಟ್ಟಿಗೆ ಬದಲಾಯಿಸ್ಬೇಕು ಸಾಹುಕಾರ್ರೇ. ಒಂದ್ಕಡೆ ತೇಪೆ ಹಾಕಿದ್ರೆ ಇನ್ನೊಂದ್ಕಡೆ ಬಾಯಿ ಬಿಡುತ್ತೆ. ಗಾಡಿ ಇಲ್ಲೇ ಬಿಟ್ಟು ಹೋಗಿ" ಎಂದ ಮೆಕ್ಯಾನಿಕ್.

"ನಾಳೆ ಸಂತೆ ಇದೆಯಲ್ಲಪ್ಪಾ. ಈಗ ಬ್ರೇಕ್ ಹಿಡಿಯುತ್ತೋ ಇಲ್ವೋ ಅಷ್ಟು ಹೇಳು."

"ಮೂರು ಸಲ ತುಳಿದ್ರೆ ಹಿಡಿಯುತ್ತೆ. ಒಂದಿನ ಪೈಪ್ ಒಡೆದ್ರೆ ಮಾತ್ರ ಎಷ್ಟು ಸಲ ತುಳಿದ್ರೂ ಹಿಡಿಯಲ್ಲ."

"ಸದ್ಯಕ್ಕೆ ಸಾಕು ಬಿಡು" ಎಂದ ವ್ಯಾಪಾರಿ, ಸೋರಿದಷ್ಟು ಎಣ್ಣೆ ತುಂಬಿಸಿಕೊಂಡು ಹೊರಟುಬಂದ.

ಆ ಸಂತೆ ಮುಗಿಯಿತು, ಇನ್ನೊಂದು ಬಂತು. ಸಂತೆಗೇನು ಕೊನೆಯೇ? ಅವನು ಕಾಲ ಬಳಿ ಎಣ್ಣೆಯ ಡಬ್ಬಿ ಇಟ್ಟುಕೊಂಡ. ಕಡಿಮೆಯಾದಾಗಲೆಲ್ಲ ಸುರಿದ. ಅಷ್ಟರಲ್ಲಿ ಮೂರು ಸಲ ತುಳಿಯುವುದು ಅವನಿಗೆ ಅಭ್ಯಾಸವಾಗಿಹೋಯಿತು. ದಾರಿಯಲ್ಲಿ ದನ ಕಂಡರೆ ದೂರದಿಂದಲೇ ಶುರು ಮಾಡುತ್ತಿದ್ದ. ಮೊದಲ ತುಳಿತಕ್ಕೆ ಏನೂ ಆಗುತ್ತಿರಲಿಲ್ಲ, ಎರಡನೆಯದಕ್ಕೆ ಅಷ್ಟಿಷ್ಟು ಹಿಡಿಯುತ್ತಿತ್ತು, ಮೂರನೆಯದಕ್ಕೆ ಕಾರು ನಿಲ್ಲುತ್ತಿತ್ತು. ಯಾರಾದರೂ ಕೇಳಿದರೆ "ನನ್ನ ಗಾಡಿ ಮರ್ಜಿ ನನಗೆ ಗೊತ್ತು" ಎಂದು ಮೀಸೆ ತಿರುವುತ್ತಿದ್ದ. ಅವನೇನು ಜಿಪುಣನಲ್ಲ, ಕೆಟ್ಟವನೂ ಅಲ್ಲ. ನನ್ನ ನಿನ್ನ ಹಾಗೆ ನಾಳೆ ಮಾಡೋಣ ಅನ್ನುವವನು, ಅಷ್ಟೆ.

ಹೀಗಿರುವಾಗ ಅವನ ಕಣ್ಣಿಗೆ ಪೊರೆ ಬಂತು. ಸಂಜೆ ಹೊತ್ತು ದಾರಿ ಕಾಣದಾಯಿತು. ವ್ಯಾಪಾರ ನಿಲ್ಲಬಾರದೆಂದು ಹೆಂಡತಿಗೆ ಕಾರು ಕಲಿಸಿದ. ಅದೇ ಕಾರಿನಲ್ಲಿ ಕಲಿಸಿದ. ಪಕ್ಕದಲ್ಲಿ ಕೂತು "ತುಳಿ, ಜೋರಾಗಿ ತುಳಿ, ಇನ್ನೊಂದ್ಸಲ, ಇನ್ನೊಂದ್ಸಲ" ಎನ್ನುತ್ತಿದ್ದ. ಬ್ರೇಕು ಅಂದರೆ ಇದೇ ಎಂದು ಅವಳು ತಿಳಿದಳು. ಬೇರೆ ಕಾರನ್ನು ಅವಳು ಯಾವತ್ತೂ ಮುಟ್ಟಿದವಳಲ್ಲ.

ಆ ಹೆಂಗಸು ಬಹಳ ಬೇಗ ಕಲಿತಳು. ಗಂಡನಿಗಿಂತ ಚೆನ್ನಾಗಿ ಓಡಿಸತೊಡಗಿದಳು. ಸಂತೆಯ ದಿನ ಅವಳು ಸೆರಗು ಸಿಕ್ಕಿಸಿಕೊಂಡು ಕಾರಿನಿಂದ ಇಳಿಯುವುದನ್ನು ಜನ ನಿಂತು ನೋಡುತ್ತಿದ್ದರು. ತಾನೂ ಒಂದು ಕೆಲಸದಲ್ಲಿ ಗಟ್ಟಿಗಳು ಎಂದು ಅವಳಿಗೆ ಮೊದಲ ಸಲ ಅನ್ನಿಸಿದ್ದು ಆಗಲೇ. ಗಂಡನಿಗೂ ಅದನ್ನು ಕಂಡು ಖುಷಿಯಾಗುತ್ತಿತ್ತು.

ಅವಳ ತಮ್ಮ ಅದೇ ಊರಿನ ಇನ್ನೊಂದು ಬೀದಿಯಲ್ಲಿದ್ದ. ಅವನಲ್ಲಿ ಒಂದು ಹೊಸ ಕಾರಿತ್ತು. ಅವನ ಹೆಂಡತಿ ತುಂಬು ಬಸುರಿ. ಒಂದು ಸಂಜೆ ಅವಳಿಗೆ ನೋವು ಕಾಣಿಸಿಕೊಂಡಿತು. ತಮ್ಮ ತನ್ನ ಕೈಗೆ ಪೆಟ್ಟಾಗಿ ಪಟ್ಟಿ ಕಟ್ಟಿಸಿಕೊಂಡಿದ್ದ, ಕಾರು ಓಡಿಸುವಂತಿರಲಿಲ್ಲ. ಆದರೂ ಗಾಬರಿಯಾಗಲಿಲ್ಲ. ಅಕ್ಕ ಇದ್ದಾಳಲ್ಲ ಎಂದು ಅವಳಿಗೆ ಹೇಳಿಕಳಿಸಿದ.

ಅಕ್ಕ ಬಂದು ತಮ್ಮನ ಕಾರಿನ ಸ್ಟೇರಿಂಗ್ ಹಿಡಿದಳು. ಪಕ್ಕದಲ್ಲಿ ವ್ಯಾಪಾರಿ ಕೂತ. ಹಿಂದೆ ತಮ್ಮ ತನ್ನ ಹೆಂಡತಿಯನ್ನು ಒರಗಿಸಿಕೊಂಡು ಕೂತ. ಬೀದಿಯಲ್ಲಿ ನಿಧಾನವಾಗಿಯೇ ಹೋದರು, ಬ್ರೇಕು ತುಳಿಯುವ ಪ್ರಸಂಗವೇ ಬರಲಿಲ್ಲ. ಊರು ದಾಟಿ ಇಳಿಜಾರು ಸಿಕ್ಕಿತು. ಬಹಳ ಮುಂದೆ ಒಂದು ಕುರಿಮಂದೆ ರಸ್ತೆ ದಾಟುತ್ತಿತ್ತು. ಅವಳು ಕಲಿತದ್ದನ್ನೇ ಮಾಡಿದಳು. ದೂರದಿಂದಲೇ, ಮೈಯ ಬಲವನ್ನೆಲ್ಲ ಕಾಲಿಗೆ ತಂದು ಬ್ರೇಕು ತುಳಿದಳು.

ಅದು ಒಳ್ಳೆಯ ಬ್ರೇಕು. ಕಾರು ಇದ್ದಲ್ಲೇ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಟೆಂಪೋ ಕೂದಲೆಳೆಯ ಅಂತರದಲ್ಲಿ ಪಕ್ಕಕ್ಕೆ ಸರಿದುಹೋಯಿತು. ಬಸುರಿ ಸೀಟಿನಿಂದ ಜಾರಿ ಮುಂದಿನ ಸೀಟಿನ ಬೆನ್ನಿಗೆ ಬಡಿದಳು. ನಿಂತ ಕಾರಿನಲ್ಲಿ ಅಕ್ಕನ ಕಾಲು ಮಾತ್ರ ಎರಡನೆಯ ಸಲ ತುಳಿಯಿತು, ಮೂರನೆಯ ಸಲ ತುಳಿಯಿತು.

"ಅಕ್ಕಾ! ಬ್ರೇಕ್ ಹಿಂಗಾ ತುಳಿಯೋದು?" ಎಂದು ತಮ್ಮ ಚೀರಿದ.

ಅವಳು ಸ್ಟೇರಿಂಗ್ ಬಿಡದೆ ಹಿಂದಕ್ಕೆ ತಿರುಗಿದಳು. "ನಮ್ಮ ಮನೇಲಿ ಹಿಂಗೇ ಕಣೋ ತುಳಿಯೋದು" ಎಂದಳು.

ಪಕ್ಕದಲ್ಲಿದ್ದ ವ್ಯಾಪಾರಿ ಆ ಮಾತು ಕೇಳಿದ.

ಆಸ್ಪತ್ರೆ ತಲುಪಿದರು. ಡಾಕ್ಟರು ಹೊರಗೆ ಬರುವವರೆಗೆ ಮೂವರೂ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಕೊನೆಗೆ ಡಾಕ್ಟರು ಬಂದು, ಮಗುವಿನ ಎದೆಬಡಿತ ಸರಿಯಾಗಿದೆ, ತಾಯಿಗೂ ಭಯವಿಲ್ಲ ಎಂದರು. ದೇವರು ದೊಡ್ಡವನು. ಮಾರನೆಯ ದಿನ ಹೆಣ್ಣು ಮಗುವಾಯಿತು. ತಮ್ಮ ಎಲ್ಲವನ್ನೂ ಮರೆತು ಸಕ್ಕರೆ ಹಂಚಿದ.

ಅಕ್ಕ ಮರೆಯಲಿಲ್ಲ. ಮನೆಗೆ ಬಂದವಳು ಹಳೆಯ ಕಾರಿನ ಕೀಲಿಯನ್ನು ಗಂಡನ ಕೈಗೆ ಕೊಟ್ಟಳು. "ಇನ್ನು ನಾನು ಮುಟ್ಟಲ್ಲ. ನನಗೆ ಬರುತ್ತೆ ಅಂದ್ಕೊಂಡಿದ್ದೆ. ಒಂದು ಜೀವ ತೆಗೀತಿದ್ದೆ" ಎಂದಳು.

ನೋಡಪ್ಪ, ತುಕ್ಕು ಹಿಡಿದದ್ದು ಪೈಪಿಗೆ. ಅದನ್ನು ಹಾಗೇ ಬಿಟ್ಟವನು ಗಂಡ. ತಪ್ಪನ್ನೆಲ್ಲ ಹೊತ್ತುಕೊಂಡು ಮೂಲೆಗೆ ಕೂತವಳು ಅವಳು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಮರುದಿನ ಬೆಳಿಗ್ಗೆಯೇ ವ್ಯಾಪಾರಿ ತನ್ನ ಕಾರನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದ. "ಇವತ್ತು ಸಂತೆ ಅಲ್ವಾ ಸಾಹುಕಾರ್ರೇ?" ಎಂದು ಮೆಕ್ಯಾನಿಕ್ ಕೇಳಿದ. "ಸಂತೆ ಮನೆ ಹಾಳಾಗ್ಲಿ, ಕೆಲಸ ಶುರು ಮಾಡು" ಎಂದ ವ್ಯಾಪಾರಿ.

ಮೆಕ್ಯಾನಿಕ್ ಹಳೆಯ ಪೈಪನ್ನು ಬಿಚ್ಚಿ ನೆಲದ ಮೇಲಿಟ್ಟುಕೊಂಡು, ಅದರ ತಿರುವುಗಳನ್ನು ನೋಡುತ್ತ ಹೊಸ ಪೈಪನ್ನು ಬಗ್ಗಿಸಿದ. ರಬ್ಬರ್ ಕೊಳವೆಗಳನ್ನೆಲ್ಲ ಬದಲಾಯಿಸಿದ. ಹೊಸ ಎಣ್ಣೆ ತುಂಬಿಸಿದ. ಪೈಪಿನೊಳಗೆ ಉಳಿದ ಗಾಳಿಯನ್ನು ತೆಗೆಯುವುದೊಂದು ಬಾಕಿ ಇತ್ತು. ಅದಕ್ಕೆ ಇಬ್ಬರು ಬೇಕು, ಒಬ್ಬರು ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಚಕ್ರದ ಬಳಿ ತಿರುಪು ಬಿಚ್ಚಿ ಗಾಳಿ ಬಿಡಬೇಕು. ವ್ಯಾಪಾರಿ ಮನೆಗೆ ಹೋಗಿ ಹೆಂಡತಿಯನ್ನು ಕರೆದ. ಅವಳು ಒಲ್ಲೆನೆಂದಳು. "ಓಡಿಸಬೇಡ, ಕೂತು ತುಳಿದರೆ ಸಾಕು" ಎಂದು ಬೇಡಿಕೊಂಡು ಕರೆತಂದ.

"ತುಳೀರಿ. ಹಾಗೇ ಹಿಡ್ಕೊಳ್ಳಿ. ಈಗ ಬಿಡಿ" ಎಂದು ಮೆಕ್ಯಾನಿಕ್ ಕೆಳಗಿನಿಂದ ಕೂಗುತ್ತಿದ್ದ. ಎಣ್ಣೆಯ ಜೊತೆ ಗುಳ್ಳೆಗಳು ಬಂದವು. ಬರುತ್ತಲೇ ಇದ್ದವು. ಗುಳ್ಳೆ ನಿಂತ ಮೇಲೆ ಅವನು ತಿರುಪು ಬಿಗಿದು "ಈಗೊಂದ್ಸಲ ತುಳಿದು ನೋಡಮ್ಮ" ಎಂದ.

ಅವಳು ತುಳಿದಳು. ಪೆಡಲ್ ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಅವಳು ಗಾಬರಿಯಿಂದ ಕಾಲು ತೆಗೆದಳು. ಬಾಗಿಲು ತೆರೆದು ಇಳಿದು, ಬಗ್ಗಿ, ಪೆಡಲಿನ ಕೆಳಗೆ ಕೈಯಾಡಿಸಿದಳು.

"ಕೆಳಗೆ ಏನೋ ಸಿಕ್ಕಾಕ್ಕೊಂಡಿದೆ ನೋಡಿ" ಎಂದಳು ಗಂಡನಿಗೆ.

ಮೆಕ್ಯಾನಿಕ್‌ಗೆ ನಗು ಬಂತು. ವ್ಯಾಪಾರಿಯ ಮುಖ ನೋಡಿ ನುಂಗಿಕೊಂಡ. ವ್ಯಾಪಾರಿ ಕಾರಿಗೆ ಒರಗಿ ನಿಂತು ಅಳುತ್ತಿದ್ದ.

"ಏನೂ ಸಿಕ್ಕಿಲ್ಲ ಕಣೇ. ಬ್ರೇಕ್ ಅಂದ್ರೆ ಹಿಂಗೇ ಇರುತ್ತೆ. ನಾನೇ ನಿನಗೆ ತೋರಿಸಿರಲಿಲ್ಲ" ಎಂದ.

ಅವತ್ತಿನಿಂದ ಬೆಳಗಾದರೆ ಅವಳನ್ನು ಊರಾಚೆಯ ಖಾಲಿ ರಸ್ತೆಗೆ ಕರೆದುಕೊಂಡು ಹೋದ. ಪಕ್ಕದಲ್ಲಿ ಕೂತು "ಮೆಲ್ಲಗೆ, ಒಂದೇ ಸಲ" ಎನ್ನುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು. ಕಾಲು ಜೋರಾಗಿ ಮೂರು ಸಲ ತುಳಿಯುತ್ತಿತ್ತು. ಅವನ ಹಣೆ ಮುಂದಿನ ಗಾಜಿಗೆ ಬಡಿಯುತ್ತಿತ್ತು. ಬೈಯಲಿಲ್ಲ. ಹಣೆ ಉಜ್ಜಿಕೊಂಡು "ಪರವಾಗಿಲ್ಲ, ಮತ್ತೊಂದ್ಸಲ" ಎನ್ನುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಕೊನೆಗೆ ಸರಿಹೋದಳಾ ಬುದ್ಧಿ?" ಎಂದು ಕರಿಬಸಪ್ಪ ಕೇಳಿದ.

"ಪೈಪು ಬದಲಾಯಿಸಲು ಎಷ್ಟು ದಿನ ಬೇಕೆಂದು ಮೆಕ್ಯಾನಿಕ್ ಹೇಳಬಲ್ಲ. ಕಾಲಿಗೆ ಎಷ್ಟು ದಿನ ಬೇಕೆಂದು ಹೇಳುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಅವನು ಮಾತ್ರ ದಿನವೂ ಹೋಗುತ್ತಿದ್ದ."

ಕರಿಬಸಪ್ಪ ಸ್ವಲ್ಪ ಯೋಚಿಸಿದ. "ಪಾಪ, ಒಳ್ಳೆ ಹೆಂಗಸು" ಎಂದ. ಆಮೇಲೆ, "ಆದ್ರೆ ಬುದ್ಧಿ, ನಮ್ಮ ಮನೇಲಿ ಹಂಗೇನೂ ಆಗಿಲ್ಲ. ನಾನು ಯಾವತ್ತೂ ಯಾರ ಮೇಲೂ ಕೈ ಮಾಡಿದವನಲ್ಲ. ಎಲ್ಲರೂ ಚೆನ್ನಾಗೇ ಇದ್ದಾರೆ" ಎಂದ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

"ಮೊನ್ನೆ ನಿಮ್ಮ ಮನೆಗೆ ಬಂದಿದ್ದಾಗ ನಾನು ಕುಡಿಯಲು ಒಂದು ಲೋಟ ನೀರು ಕೇಳಿದೆನಲ್ಲ ಕರಿಬಸಪ್ಪ, ನಿನ್ನ ಹೆಂಡತಿ ಯಾಕಪ್ಪ ಅಷ್ಟು ಬೆಚ್ಚಿಬಿದ್ದಳು?"