ಗೀಜಗದ ಬಾಗಿಲು

ಕಡಲಾಚೆಯ ಬಂಡೆಯ ಮೇಲೆ ಗೂಡು ಕಟ್ಟಿದ್ದ ಹದ್ದು ಈಚೆ ದಡದ ಈಚಲುಮರದ ಗೀಜಗಗಳನ್ನು ಆಳುತ್ತಿತ್ತು. ಗೂಡಿಗೊಂದು ಹಿಡಿ ಹುಲ್ಲು ಕಂದಾಯ. ಗೀಜಗಗಳು ಗೊಣಗುತ್ತಲೇ ಕೊಡುತ್ತಿದ್ದವು. ಒಮ್ಮೆ ಮುಂಗಾರಿಗೆ ಮೊದಲು ಹದ್ದಿನ ಅಮಲ್ದಾರ ಕಾಗೆ ಬಂದು ಸಾರಿತು: "ಇನ್ನು ನಿಮ್ಮ ಗೂಡಿನ ಬಾಗಿಲು ಕೆಳಗಿರಕೂಡದು, ಮೇಲಿರಬೇಕು. ಒಳಗಿನ ಮೊಟ್ಟೆ ನಮಗೆ ಕಾಣಬೇಕೆಂದು ದೊರೆಯ ಕಾಯಿದೆ."

"ಮಳೆ ಬಂದರೆ ಮರಿಗಳು ಮುಳುಗುತ್ತವಲ್ಲ, ಅಮಲ್ದಾರರೇ?" ಎಂದಿತು ಮುದಿ ಗೀಜಗ.

"ದೊರೆಯ ಗೂಡೂ ಮೇಲಕ್ಕೇ ತೆರೆದಿದೆ. ಅವರ ಮರಿಗಳು ಮುಳುಗಿದವೇ?"

"ಅವರ ರೆಕ್ಕೆ ಚಪ್ಪರದಷ್ಟು ಅಗಲ. ನಮ್ಮದು ವೀಳ್ಯದೆಲೆಯಷ್ಟೂ ಇಲ್ಲ."

"ವಾದ ಬೇಡಜ್ಜಿ. ಕಂದಾಯ ಕೊಡು, ಬಾಗಿಲು ತಿರುಗಿಸು."

"ಬಾಗಿಲು ಇಲ್ಲೇ ಇದೆಯಲ್ಲ. ಒಳಗೆ ಬಂದು ಕಂದಾಯ ತೆಗೆದುಕೊಂಡು ಹೋಗಿ."

ಕಾಗೆ ಕೆಳಗಿನಿಂದ ಗೂಡಿನ ಕೊಳವೆಗೆ ತಲೆ ತೂರಿಸಿತು. ಕುತ್ತಿಗೆ ಸಿಕ್ಕಿಕೊಂಡು, ಕಾಲೆರಡೂ ಗಾಳಿಯಲ್ಲಿ ಒದ್ದಾಡಿದವು. ಮರಕ್ಕೆ ಮರವೇ ನಕ್ಕಿತು. ಅಷ್ಟು ಕಾಲದ ಹೆದರಿಕೆ ಆ ನಗೆಯೊಡನೆ ಹೊರಟುಹೋಯಿತು. ಕಾಗೆ ಹೇಗೋ ಬಿಡಿಸಿಕೊಂಡು ಬರಿಗೊಕ್ಕಿನಲ್ಲಿ ಹಾರಿಹೋಯಿತು.

ಕಂದಾಯಕ್ಕೆಂದು ತಂದಿಟ್ಟಿದ್ದ ಹುಲ್ಲಿನಿಂದ ಆ ವರ್ಷ ಪ್ರತಿ ಗೂಡಿನ ಕೊಳವೆಯೂ ಕೆಳಗೆ ಇನ್ನೊಂದು ಗೇಣು ಉದ್ದವಾಯಿತು. ಮಳೆ ಧೋ ಎಂದು ಸುರಿದಾಗ ಮರಿಗಳು ಒಳಗೆ ಬೆಚ್ಚಗೆ ಮಲಗಿದ್ದವು.