ನೀರಿನಲ್ಲಿ ಕೈಯಿಟ್ಟು ಮಲಗಿದ ನೀಲವ್ವ

ಬಹಳ ಕಾಲದ ಹಿಂದೆ ಒಂದು ಊರಿತ್ತು. ಎಷ್ಟು ಕಾಲ ಅಂತ ನನ್ನನ್ನು ಕೇಳಬೇಡಿ; ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳುವಾಗಲೇ ಇದು ಹಳೇ ಕಥೆಯಾಗಿತ್ತು. ಊರಿನ ಹೆಸರು ಗೌರಗುಂಡ. ಊರಿಗೊಂದು ಕೆರೆ, ಕೆರೆಯ ಕೆಳಗೆ ಎರಡು ಬಯಲು. ಒಂದು ಮೇಲಿನ ಬಯಲು, ಒಂದು ಕೆಳಗಿನ ಬಯಲು. ಕೆರೆ ಒಂದೇ, ತೂಬು ಒಂದೇ, ಜಗಳ ಮಾತ್ರ ಎರಡೂ ಕಡೆಯವರಿಗೆ ಸಾಕಾಗಿ ಮಿಗುವಷ್ಟಿತ್ತಂತೆ.

ಆಗ ಗಡಿಯಾರ ಎಲ್ಲಿಂದ ಬರಬೇಕು? ಕೆರೆಯ ಏರಿಯ ಮೇಲೆ ಒಂದು ಕಲ್ಲಿನ ಮಂಟಪ. ಅದರೊಳಗೆ ನೀರು ತುಂಬಿದ ಅಗಲವಾದ ತಾಮ್ರದ ಕೊಪ್ಪರಿಗೆ. ನೀರಿನ ಮೇಲೆ ತೇಲುವ ಸಣ್ಣ ಬಟ್ಟಲು, ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತು. ಆ ತೂತಿನಿಂದ ನೀರು ಮೆಲ್ಲಗೆ ಒಳಗೆ ಬಂದು ಬಟ್ಟಲು ಮುಳುಗಿದರೆ ಒಂದು ಗಳಿಗೆ. ಮುಳುಗಿದ ಕೂಡಲೇ ಎತ್ತಿ, ಬರಿದು ಮಾಡಿ, ಮತ್ತೆ ತೇಲಿಬಿಟ್ಟು, ಜಾಗಟೆ ಬಾರಿಸಬೇಕು. ಹಗಲು ರಾತ್ರಿ ಸೇರಿ ಅರವತ್ತು ಸಲ. ಇಷ್ಟು ಗಳಿಗೆ ನೀರು ಮೇಲಿನ ಬಯಲಿಗೆ, ಇಷ್ಟು ಗಳಿಗೆ ಕೆಳಗಿನ ಬಯಲಿಗೆ. ಕೇಳುವುದಕ್ಕೆ ಎಷ್ಟು ಸುಲಭ, ನೋಡಿ.

ಆ ಬಟ್ಟಲು ಕಾಯುತ್ತಿದ್ದವಳು ನೀಲವ್ವ. ಮೊದಲು ಗಂಡ ಕಾಯುತ್ತಿದ್ದ. ಅವನು ತೀರಿಕೊಂಡ ಮೇಲೆ ಇವಳು ಬಂದು ಕೂತಳು, ಕೂತವಳು ಏಳಲಿಲ್ಲ. ಮೂವತ್ತು ವರ್ಷ ಅಂತ ಕೆಲವರು, ನಲವತ್ತು ಅಂತ ಕೆಲವರು. ನಿದ್ದೆ ಮಾಡುತ್ತಿರಲಿಲ್ಲವೇ? ಮಾಡುತ್ತಿದ್ದಳಂತೆ, ತುಣುಕು ತುಣುಕಾಗಿ. ಕೊಪ್ಪರಿಗೆಯ ಪಕ್ಕದಲ್ಲೇ ಮಲಗಿ, ಒಂದು ಕೈಯನ್ನು ನೀರಿನೊಳಗೆ ಬಿಟ್ಟು, ಅಂಗೈ ಮೇಲೆ ಮಾಡಿ ಬಟ್ಟಲಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಬಟ್ಟಲು ಮುಳುಗಿ ಅಂಗೈಗೆ ತಾಗಿದರೆ ಎಚ್ಚರ. ಎದ್ದು ಜಾಗಟೆ ಬಾರಿಸಿ ಮತ್ತೆ ಕೈ ನೀರಿಗೆ. ನೆನೆದು ನೆನೆದು ಆ ಅಂಗೈಯ ಗೆರೆಗಳೆಲ್ಲ ಅಳಿಸಿಹೋಗಿದ್ದವಂತೆ. ಒಮ್ಮೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಊರಿಗೆ ಬಂದ. ಅವಳ ಕೈ ಹಿಡಿದು ಬಹಳ ಹೊತ್ತು ನೋಡಿದ, ಕೈ ಕೆಳಗಿಟ್ಟು ಹೊರಟುಹೋದನಂತೆ.

ಅವಳ ಬದಲು ಇನ್ನೊಬ್ಬರು ಕೂರಬಾರದಿತ್ತೇ ಅಂತ ನೀವು ಕೇಳಬಹುದು. ಕೂತು ನೋಡಿದ್ದರು. ನೀಲವ್ವನಿಗೆ ಜ್ವರ ಬಂದಾಗ ಮೇಲಿನ ಬಯಲಿನ ಹಂಪನಗೌಡ ಒಂದು ದಿನ ಕೂತ. ಅವನು ಬಟ್ಟಲನ್ನು ಬೇಕೆಂದೇ ತಡವಾಗಿ ಎತ್ತುತ್ತಾನೆ, ನಮ್ಮ ನೀರು ಕದಿಯುತ್ತಾನೆ ಅಂತ ಕೆಳಗಿನ ಬಯಲಿನ ತಿಪ್ಪಣ್ಣ ಕೂಗಾಡಿದ. ಮಾತಿಗೆ ಮಾತು ಬೆಳೆದು ತಿಪ್ಪಣ್ಣನ ಮುಂದಿನ ಹಲ್ಲು ಏರಿಯ ಮೇಲೆ ಬಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಂದಿನಿಂದ ಬಟ್ಟಲನ್ನು ಇನ್ನೊಬ್ಬರು ಮುಟ್ಟುವಂತೆಯೂ ಇಲ್ಲ. ನೀಲವ್ವನಿಗೆ ಎರಡೂ ಬಯಲಿನಲ್ಲಿ ಅಂಗೈಯಗಲ ಹೊಲವಿರಲಿಲ್ಲ. ಅದಕ್ಕೇ ಎರಡೂ ಕಡೆಯವರು ಅವಳೊಬ್ಬಳನ್ನೇ ನಂಬಿದ್ದರು. ಆ ನಂಬಿಕೆಯೇ ಅವಳ ಕೊರಳಿಗೆ ಕಟ್ಟಿದ ಕಲ್ಲಾಯಿತು. ಒಂದು ರಾತ್ರಿ, ಒಂದೇ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಬೇಕು ಅಂತ ಅವಳಿಗೆ ಆಸೆ. ಬೇರೆ ಏನೂ ಬೇಡಿದವಳಲ್ಲ ಅನ್ನುತ್ತಾರೆ.

ಹೀಗಿರುವಾಗ ಒಂದು ವರ್ಷ, ಸಂಜೆಯ ಆಕಾಶದಲ್ಲಿ ಅವಳು ಎರಡು ಚುಕ್ಕಿಗಳನ್ನು ಕಂಡಳು. ಒಂದು ಮಂಕು, ಒಂದು ಹೊಳಪು. ಮಂಕಾದದ್ದು ಶನಿ. ಶನಿ ಕುಂಟ, ಅವನ ನಡೆ ನಿಧಾನ. ಹೊಳೆಯುವವನು ಗುರು, ಅವನು ಸ್ವಲ್ಪ ಚುರುಕು. ದಿನದಿನಕ್ಕೂ ಗುರು ಶನಿಯ ಕಡೆಗೆ ಸರಿಯುತ್ತಿದ್ದ. ಬಟ್ಟಲು ಎತ್ತುವಾಗ, ಇಡುವಾಗ ನೀಲವ್ವ ಅದನ್ನೇ ನೋಡುವಳು. ಅಷ್ಟು ಕಾಲ ಒಬ್ಬನೇ ಕಾಲೆಳೆದುಕೊಂಡು ನಡೆದವನ ಹತ್ತಿರಕ್ಕೆ ಯಾರೋ ಒಬ್ಬರು ಬರುತ್ತಿದ್ದಾರಲ್ಲ ಅಂತ ಅವಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಇಬ್ಬರೂ ಕೂಡುವುದನ್ನು ಕಣ್ಣಾರೆ ನೋಡಬೇಕು ಅಂದುಕೊಂಡಳಂತೆ.

ಊರಿನ ಜೋಯಿಸರು ಗಿರಿಭಟ್ಟರು. ಅವರೂ ಲೆಕ್ಕ ಹಾಕಿದರು. ಹಗಲು ತೀರ ಗಿಡ್ಡವಾಗಿ, ಮಂಟಪದ ಕಂಬದ ನಡುಹಗಲಿನ ನೆರಳು ತುಂಬ ಉದ್ದವಾಗಿ, ಇನ್ನು ಮುಂದೆ ಹೋಗದೆ ಹಿಂದಕ್ಕೆ ತಿರುಗುವ ದಿನವಿದೆಯಲ್ಲ, ಸೂರ್ಯ ತಿರುಗುವ ದಿನ, ಆ ದಿನವೇ ಶನಿ ಗುರು ಒಂದೇ ಚುಕ್ಕಿಯಾಗಿ ಕಾಣುತ್ತಾರೆ ಅಂದರು. ಇಂಥದ್ದು ಹತ್ತು ತಲೆಮಾರಿಗೊಮ್ಮೆಯೂ ಇಲ್ಲ. ಸೂರ್ಯ ಮುಳುಗಿ ಸರಿಯಾಗಿ ಎರಡು ಗಳಿಗೆಗೆ ಕೆರೆಯಲ್ಲಿ ಮುಳುಗೆದ್ದವರ ಹಿಂದಿನ ಜನ್ಮಗಳ ಹೊರೆಯೆಲ್ಲ ಇಳಿಯುತ್ತದೆ. ಗಳಿಗೆ ಹಿಂದೆ ಮುಂದೆ ಆದರೆ ಫಲವಿಲ್ಲ. ಇದನ್ನು ಕೇಳಿ ಊರಿಗೆ ಊರೇ ಕುಣಿಯಿತಂತೆ.

ಗಳಿಗೆ ಹೇಳಬೇಕಾದವಳು ಯಾರು? ನೀಲವ್ವ. ಎಲ್ಲರೂ ನೀರಿನಲ್ಲಿದ್ದರೆ ಜಾಗಟೆ ಬಾರಿಸುವವಳು ಯಾರು? ನೀಲವ್ವ. ಹಾಗಾದರೆ ಊರಿನವರ ಹೊರೆಯೆಲ್ಲ ಇಳಿಯುವಾಗ ಇಳಿಯದೆ ಉಳಿಯುವ ಹೊರೆ ಒಂದೇ. ನಿನ್ನ ಸೇವೆಯೇ ನಿನಗೆ ಪುಣ್ಯ ಕಣವ್ವ ಅಂತ ಗಿರಿಭಟ್ಟರು ಸಮಾಧಾನ ಹೇಳಿದರು. ಅದಕ್ಕೆ ಅವಳು ಹೇಳಿದ ಮಾತು ಇವತ್ತಿಗೂ ನಮ್ಮ ಕಡೆ ಹೆಣ್ಣುಮಕ್ಕಳ ಬಾಯಲ್ಲಿದೆ.

"ಪುಣ್ಯ ಸಾಕ್ರೀ ಭಟ್ರ. ನನಗ ನಿದ್ದಿ ಬೇಕಾಗೇತಿ."

ಆ ದಿನ ಬಂತು. ನಡುಹಗಲಿಗೆ ನೀಲವ್ವ ಕಂಬದ ನೆರಳಿನ ತುದಿಗೆ ಒಂದು ಕಲ್ಲಿಟ್ಟು ಗುರುತು ಮಾಡಿದಳು. ಮಧ್ಯಾಹ್ನದಿಂದ ಎರಡೂ ಬಯಲಿನ ಹೆಂಗಸರು ಮಂಟಪಕ್ಕೆ ಬರತೊಡಗಿದರು. ಇಷ್ಟು ದೊಡ್ಡ ಗಳಿಗೆ ತೋರಿಸುವ ಬಟ್ಟಲಿಗೆ ಪೂಜೆ ಮಾಡದೆ ಇರಲಾದೀತೇ? ಒಬ್ಬಳು ಅರಿಸಿನ ಹಚ್ಚಿದಳು, ಒಬ್ಬಳು ಕುಂಕುಮ ಕಲಸಿ ಹಚ್ಚಿದಳು. ಮೇಲಿನ ಬಯಲಿನವರು ಒಂದು ಬೊಟ್ಟಿಟ್ಟರೆ ಕೆಳಗಿನ ಬಯಲಿನವರು ಎರಡಿಟ್ಟರು. ಭಕ್ತಿಯಲ್ಲೂ ಪೈಪೋಟಿ. ಬಟ್ಟಲು ಒಳಗೂ ಹೊರಗೂ ಕೆಂಪಾಯಿತು. ನೀಲವ್ವನ ಕಣ್ಣು ಎಳೆಯುತ್ತಿತ್ತು, ನೋಡುತ್ತಲೇ ತೂಕಡಿಸಿದಳು.

ಸೂರ್ಯ ಮುಳುಗಿದ. ಅವಳು ಬಟ್ಟಲು ತೇಲಿಬಿಟ್ಟಳು. ಒಂದು ಗಳಿಗೆ ಮಲಗಿ ಎದ್ದರೆ, ಎರಡನೆಯದಕ್ಕೆ ಕಣ್ಣು ಬಿಟ್ಟುಕೊಂಡು ಚುಕ್ಕಿ ನೋಡಬಹುದು ಅಂತ ಅವಳ ಲೆಕ್ಕ. ಕೈಯನ್ನು ನೀರಿಗಿಟ್ಟಳು. ಕಣ್ಣು ಮುಚ್ಚಿದಳು.

ಬಟ್ಟಲು ಮುಳುಗಲಿಲ್ಲ. ಕುಂಕುಮ ತೂತಿನಲ್ಲಿ ಗಟ್ಟಿಯಾಗಿ ಕೂತಿತ್ತು. ಅಂಗೈಗೆ ಏನೂ ತಾಗಲಿಲ್ಲ, ಅವಳಿಗೆ ಎಚ್ಚರವಾಗಲಿಲ್ಲ.

ಮುಂದಿನದು ಅವಳು ಕಂಡದ್ದಲ್ಲ, ಆಮೇಲೆ ಊರು ಹೇಳಿದ್ದು. ಜನರೆಲ್ಲ ಎದೆಮಟ್ಟ ನೀರಿನಲ್ಲಿ ನಿಂತಿದ್ದರು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಪಡುವಣದಲ್ಲಿ ಎರಡು ಚುಕ್ಕಿ ಒಂದಾಗಿ, ನೋಡಿದವರ ಕಣ್ಣಲ್ಲಿ ನೀರು ಬರಿಸುವಂತೆ ಹೊಳೆಯಿತು. ಎಲ್ಲರ ಕಿವಿಯೂ ಜಾಗಟೆಯ ಕಡೆಗೆ. ಜಾಗಟೆ ಇಲ್ಲ. ಈಗಲೋ ಇನ್ನೊಂದು ಕ್ಷಣಕ್ಕೋ, ಯಾರಿಗೆ ಗೊತ್ತು? ಮುಳುಗಲು ಗಿರಿಭಟ್ಟರಿಗೇ ಧೈರ್ಯ ಬರಲಿಲ್ಲ. ಕಾಯುತ್ತ ಕಾಯುತ್ತ ಚುಕ್ಕಿ ಜಾರಿ, ಗುಡ್ಡದ ಹಿಂದೆ ಇಳಿದುಹೋಯಿತು.

ಆಗ ಎದ್ದ ಸಿಟ್ಟನ್ನು ಕೇಳಬೇಡಿ. ನೀವೇ ಅವಳ ತಲೆ ಕೆಡಿಸಿದಿರಿ ಅಂತ ಮೇಲಿನ ಬಯಲಿನವರು, ನೀವೇ ಅಂತ ಕೆಳಗಿನ ಬಯಲಿನವರು. ಒದ್ದೆ ಬಟ್ಟೆಯಲ್ಲೇ ಎಲ್ಲರೂ ಏರಿ ಹತ್ತಿ ಮಂಟಪಕ್ಕೆ ನುಗ್ಗಿದರು. ನುಗ್ಗಿದವರು ಅಲ್ಲೇ ನಿಂತರು. ನೀಲವ್ವ ಬಾಯಿ ತೆರೆದುಕೊಂಡು ಮಲಗಿದ್ದಳು. ಕೈ ನೀರಿನೊಳಗೆ, ಅಂಗೈ ಮೇಲೆ. ಅದರ ಮೇಲೆ ತೇಲುತ್ತಿದ್ದ ಕೆಂಪು ಬಟ್ಟಲು. ಬಟ್ಟಲೆತ್ತಿ ತಳ ನೋಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನು ಹಚ್ಚಲಿಲ್ಲ ಅನ್ನುವ ಒಬ್ಬಳೂ ಅಲ್ಲಿರಲಿಲ್ಲ. ಹಂಪನಗೌಡ ಕೂಗಲು ಬಾಯಿ ತೆರೆದ. ತಿಪ್ಪಣ್ಣ ಅವನ ಬಾಯಿ ಮುಚ್ಚಿದ. ಹಲ್ಲು ಬಿದ್ದ ದಿನದಿಂದ ತಿಪ್ಪಣ್ಣ ಗೌಡನೊಡನೆ ಆಡಿದ ಮೊದಲ ಮಾತು ಅದೇ ಅಂತೆ: "ಸುಮ್ನಿರೋ ಮಾರಾಯ, ಮಕ್ಕೊಂಡಾಳ."

ನೀಲವ್ವ ಕಣ್ಣು ಬಿಟ್ಟಾಗ ಮೈಮೇಲೆ ಯಾರದೋ ಕಂಬಳಿಯಿತ್ತು. ಕೈ ಒಣಗಿತ್ತು. ಒಣಗಿದ ಕೈ ಕಂಡು ಧಡಕ್ಕನೆ ಎದ್ದು ಕೂತಳು. ಕಂಬದ ಕಡೆ ನೋಡಿದಳು, ನಡುಹಗಲು. ನೆರಳಿನ ತುದಿ ನಿನ್ನೆಯ ಕಲ್ಲಿಗಿಂತ ಎಳ್ಳಿನಷ್ಟು ಈಚೆಗೆ ಬಂದಿತ್ತು. ಅಯ್ಯೋ, ಇಡೀ ಊರಿನ ಭಾಗ್ಯ ನನ್ನಿಂದ ಹೋಯಿತಲ್ಲ ಅಂತ ಅಳು ಬಂತು. ಅಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಜಾಗಟೆ ಮೊಳಗಿತು.

ತಿರುಗಿ ನೋಡಿದಳು. ಕೊಪ್ಪರಿಗೆಯ ಈ ಕಡೆ ಹಂಪನಗೌಡ, ಆ ಕಡೆ ತಿಪ್ಪಣ್ಣ. ಒಬ್ಬನನ್ನೇ ಬಿಡಲು ಇನ್ನೊಬ್ಬನಿಗೆ ನಂಬಿಕೆಯಿಲ್ಲ. ಹಾಗಾಗಿ ಇಬ್ಬರೂ ಕೂತಿದ್ದರು. ಇಬ್ಬರ ಕೈಯೂ ನೀರಿನಲ್ಲಿ, ಒಂದರ ಮೇಲೊಂದು ಅಂಗೈ, ಮೇಲೆ ಬಟ್ಟಲು. ನಿದ್ದೆಗೆಟ್ಟು ಇಬ್ಬರ ಕಣ್ಣೂ ಕೆಂಪಾಗಿದ್ದವು. ಜಾಲಿಮುಳ್ಳು ಹಿಡಿದು ತೂತು ಬಿಡಿಸಿದವರು ಗಿರಿಭಟ್ಟರಂತೆ. ಅವರು ಕಂಬಕ್ಕೊರಗಿ ಗೊರಕೆ ಹೊಡೆಯುತ್ತಿದ್ದರು.

ಚುಕ್ಕಿ ಕೂಡಿದವೇನು ಅಂತ ಅವಳು ಕೇಳಿದಳು. ಕೂಡಿದವು ಅಂದರು. ನೀವು ಮುಳುಗಿದಿರಾ ಅಂತ ಕೇಳಿದಳು. ಇಲ್ಲ ಅಂದರು. ಅವಳು ಮತ್ತೆ ಅಳುವುದಕ್ಕೆ ಹೊರಟಾಗ ಗೌಡ ನೀರಿನಿಂದ ಕೈ ತೆಗೆಯದೆ ಹೇಳಿದ: "ಅಳಬ್ಯಾಡವ್ವ. ಇಷ್ಟು ದಿನ ಹೊತ್ತೇವಿ, ಇನ್ನೂ ಒಂದೀಟು ಹೊರತೇವಿ. ನೀ ಮಕ್ಕೋ."

ಅವಳು ಮತ್ತೆ ಮಲಗಿದಳು. ಮೂರು ದಿನ ಅನ್ನುತ್ತಾರೆ, ಒಂಬತ್ತು ದಿನ ಅನ್ನುವವರೂ ಇದ್ದಾರೆ. ಆಮೇಲೆ ಎಷ್ಟೋ ವರ್ಷ ಬದುಕಿದಳು, ಆದರೆ ಬಟ್ಟಲಿನ ಹತ್ತಿರ ಒಂಟಿಯಾಗಿ ಕೂರಲಿಲ್ಲ. ಎರಡೂ ಬಯಲಿನಿಂದ ಒಬ್ಬೊಬ್ಬರಂತೆ ಸರದಿ ಬಂತು. ಆ ಚುಕ್ಕಿಗಳು ಕೂಡಿದ್ದನ್ನು ಮಾತ್ರ ಅವಳು ನೋಡಲೇ ಇಲ್ಲ.

ಕೆರೆ ಈಗ ಹೂಳು ತುಂಬಿ ಮುಚ್ಚಿಹೋಗಿದೆ, ಕೊಪ್ಪರಿಗೆ ಎಲ್ಲಿ ಹೋಯಿತೋ. ಆದರೂ ಹಗಲು ತೀರ ಗಿಡ್ಡವಾದ ದಿನ, ಸೂರ್ಯ ಮುಳುಗಿದ ಮೇಲೆ, ನಮ್ಮ ಕಡೆ ಮನೆಮನೆಯಲ್ಲೂ ನೀರು ತುಂಬಿದ ಅಗಲವಾದ ತಟ್ಟೆ, ಪರಾತ, ಇಟ್ಟು ತೂತಿನ ಬಟ್ಟಲು ತೇಲಿಬಿಡುತ್ತಾರೆ. ಬಟ್ಟಲಿಗೆ ಕುಂಕುಮ ಹಚ್ಚುವುದಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳನ್ನು ಕರೆದು ಪಕ್ಕದಲ್ಲಿ ಮಲಗಿಸಿ, ಕಂಬಳಿ ಹೊದಿಸುತ್ತಾರೆ. ಉಳಿದವರು ಒಬ್ಬರ ಕೈಮೇಲೆ ಒಬ್ಬರು ಕೈಯಿಟ್ಟು ನೀರಿನಲ್ಲಿ ಕಾಯುತ್ತಾರೆ. ಆ ಒಂದು ಗಳಿಗೆ ಅವಳನ್ನು ಯಾರೂ ಎಬ್ಬಿಸುವಂತಿಲ್ಲ, ಕೂಸು ಅತ್ತರೂ ಸರಿ, ಒಲೆಯ ಮೇಲೆ ಹಾಲು ಉಕ್ಕಿದರೂ ಸರಿ.